ಸುಜಾತಾ ಅಕ್ಕೋರ ಸಣ್ಣ ಬ್ಯಾಟರಿ

ಸಪ್ತಾಪುರದ ಆ ಓಣಿಯಲ್ಲಿ ದಿನಾ ಬೆಳಿಗ್ಗೆ ಶಾಲೆಯ ಹೊತ್ತಿಗೆ ಒಂದು ಹಾರ್ನ್ ಕೇಳುತ್ತಿತ್ತು. ಒಂದೇ ಸಲ, ಬಹಳ ಮರ್ಯಾದೆಯಿಂದ. ಅದು ಸುಜಾತಾಳ ಹೊಸ ಕಾರಿನ ಹಾರ್ನ್. ಅದಾಗಿ ಸ್ವಲ್ಪ ಹೊತ್ತಿಗೆ ಸುಜಾತಾ ಹೆಗಲಿಗೆ ಚೀಲ ಹಾಕಿಕೊಂಡು ಗೇಟು ತೆಗೆದು, ನಡೆದುಕೊಂಡು ಶಾಲೆಗೆ ಹೋಗುತ್ತಿದ್ದಳು. ಕಾರು ಪೋರ್ಚಿನಲ್ಲೇ ಇರುತ್ತಿತ್ತು.

ಎದುರು ಮನೆಯ ಶಿವಯೋಗೀಶ ಸರ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಟ್ಟೆಯ ಮೇಲೆ ಪೇಪರು ಓದುತ್ತ ಕೂತವರು ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟರು.

“ಏನ್ರಿ ಟೀಚರ್, ಕಾರು ಇವತ್ತೂ ರಜಾ ಮ್ಯಾಲೆ ಐತೇನು?”

“ಸಾಲಿ ಇಲ್ಲೇ ಐತಲ್ರಿ ಸರ್. ನಡದ್ರ ಮೈಗೆ ಛಲೋ.”

“ಹಂಗಾರ ಹಾರ್ನ್ ಯಾಕ ಹೊಡೀತೀರಿ?”

ಸುಜಾತಾ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇಷ್ಟು ವರ್ಷದಲ್ಲಿ ಯಾವ ಪ್ರಶ್ನೆಗೂ ಆಕೆ ಬಾಯಿ ಕಟ್ಟಿ ನಿಂತಿದ್ದಿಲ್ಲ. ಅವತ್ತು ಮಾತ್ರ “ಕೆಲಸಾ ಮಾಡತೈತಿಲ್ಲೋ ಅಂತ ನೋಡತೇನ್ರಿ” ಎಂದು ಗೊಣಗಿ ಹೆಜ್ಜೆ ಕಿತ್ತಳು. ಕಾರು ಕೊಂಡವಳು ಓಡಿಸುತ್ತಾಳೆ ಅಂತ ಓಣಿಗೆ ಅನ್ನಿಸಲಿ ಎಂಬುದೇ ಆ ಹಾರ್ನಿನ ಹಿಂದಿನ ಘನ ಉದ್ದೇಶ. ಓಣಿಯವರಿಗೇನು ಕಣ್ಣಿಲ್ಲವೇ? ಇತ್ತು, ಚೆನ್ನಾಗಿಯೇ ಇತ್ತು. ಇಲ್ಲದ್ದು ಸುಜಾತಾಳಿಗೆ ಬುದ್ಧಿ, ಅಷ್ಟೆ. ಇದು ಆಕೆಯದೇ ಮಾತು.

ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಅಂತಾರಲ್ಲ, ಆ ಜಾತಿಯವಳು ಆಕೆ. ತರಗತಿಯಲ್ಲಿ ಆಕೆ ಕೆಮ್ಮಿದರೆ ಹಿಂದಿನ ಬೆಂಚು ಎದ್ದು ನಿಲ್ಲುತ್ತಿತ್ತು. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕೆಂದರೆ ಮಾತ್ರ ಆಕೆಯ ಕಾಲು ಬ್ರೇಕ್ ಬಿಟ್ಟು ಏಳುತ್ತಿರಲಿಲ್ಲ. ಡ್ರೈವಿಂಗ್ ಕಲಿಸಿದ ಲಾಲಸಾಬ ಕೊನೆಯ ದಿನ ಕೈಮುಗಿದು, “ಲೈಸೆನ್ಸ್ ಸಿಕ್ಕೈತಂತ ಅವಸರ ಮಾಡಬ್ಯಾಡ್ರಿ ಮತ್ತ” ಎಂದಿದ್ದ. ಯಾವ ಮೇಷ್ಟ್ರ ಮಾತನ್ನೂ ಯಾವ ವಿದ್ಯಾರ್ಥಿಯೂ ಇಷ್ಟು ನಿಷ್ಠೆಯಿಂದ ಪಾಲಿಸಿರಲಿಕ್ಕಿಲ್ಲ.

ಹಾಗಾದರೆ ಕಾರು ಯಾಕೆ ಬೇಕಿತ್ತು? ಅದಕ್ಕೆ ಕಾರಣ ಆಕೆಯ ತಾಯಿ ಯಂಕವ್ವ.

ಯಂಕವ್ವ ಹೆಬ್ಬಳ್ಳಿಯವಳು. ಗಂಡ ಬೇಗ ಹೋದ. ಕಾಯಿಪಲ್ಲೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೆಬ್ಬಳ್ಳಿಯಿಂದ ಧಾರವಾಡದ ಪೇಟೆಗೆ ನಡೆದುಕೊಂಡು ಬಂದು, ಮಾರಿ, ನಡೆದುಕೊಂಡೇ ಹೋಗಿ ಒಬ್ಬಳೇ ಮಗಳನ್ನು ಓದಿಸಿದವಳು. ಮಗಳು ಟೀಚರ್ ಆಗಿ ತಾಯಿಯನ್ನು ಸಪ್ತಾಪುರಕ್ಕೆ ಕರೆತಂದು ಎಷ್ಟೋ ವರ್ಷವಾಯಿತು. ಆ ಮೇಲೆ ಯಂಕವ್ವನ ಕಣ್ಣು ಕೈಕೊಡತೊಡಗಿದವು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುವ ರೋಗ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದುದನ್ನು ಔಷಧದ ಹನಿ ಹಾಕಿ ಕಾಯ್ದುಕೊಳ್ಳಬೇಕು ಎಂದರು ಡಾಕ್ಟರು. ಸುತ್ತಲಿನದೆಲ್ಲ ಮಸುಕಾಗಿ, ಕೊಳವೆಯಲ್ಲಿ ಇಣುಕಿದ ಹಾಗೆ ಎದುರಿನದಷ್ಟೇ ಕಾಣುತ್ತಿತ್ತು. ಆ ಕೊಳವೆಯೂ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

“ಯವ್ವಾ, ಒಂದ ಸಲ ಆ ದಾರಿ ನೋಡಬೇಕು” ಎಂದಳು ಯಂಕವ್ವ ಆಸ್ಪತ್ರೆಯಿಂದ ಬಂದ ಸಂಜೆ. “ಹೆಬ್ಬಳ್ಳಿ ದಾರಿ. ನಾ ನಡದದ್ದು.”

“ನಾಳೆ ಬಸ್ಸಿಗೆ ಹೋಗೂಣು ಬಾ.”

“ಬಸ್ಸು ನಾ ಅಂದಲ್ಲಿ ನಿಲ್ಲತೈತೇನು? ಬುಟ್ಟಿ ಇಳಿಸಿ ಕೂಡ್ರತಿದ್ದ ಬೇವಿನ ಗಿಡ ಐತಿ, ನೀರು ಕುಡ್ಯೂ ಬಾವಿ ಐತಿ. ಮುಂದ ಕುಂತು, ಸಾವಕಾಶ ನೋಡಕೋತ ಹೋಗಬೇಕು. ನೀ ಕಾರು ತಗೋತೇನಿ ಅಂದಿದ್ದೆಲ್ಲ?”

ಅಂದಿದ್ದಳು. ಯಾವಾಗಲೋ, ಪಗಾರ ಹೆಚ್ಚಾದ ಖುಷಿಯಲ್ಲಿ. ಬಾಯಿಂದ ಬಿದ್ದ ಮಾತು ಮುತ್ತಾಗಲಿಲ್ಲ, ಕಾರಾಯಿತು.

ಹೈಬ್ರಿಡ್ ಕಾರನ್ನೇ ಆರಿಸಿದ್ದರ ಹಿಂದೆಯೂ ಆಕೆಯ ಹೆದರಿಕೆಯೇ ಇತ್ತು. ಕ್ಲಚ್ ಇಲ್ಲ, ಗೇರ್ ಬದಲಿಸುವ ಕೆಲಸವಿಲ್ಲ, ನಡುರಸ್ತೆಯಲ್ಲಿ ಬಂದ್ ಬೀಳುವುದಿಲ್ಲ ಎಂದ ಮಾರುವ ಹುಡುಗ. ಪೆಟ್ರೋಲ್ ಎಂಜಿನ್ನೂ ಇದೆ, ಗಾಲಿ ತಿರುಗಿಸುವ ದೊಡ್ಡ ಬ್ಯಾಟರಿಯೂ ಇದೆ, ಅದರ ಜೊತೆಗೊಂದು ಸಣ್ಣ ಬ್ಯಾಟರಿಯೂ ಇದೆ ಎಂದ. ಎರಡು ಬ್ಯಾಟರಿ! ಸುಜಾತಾಳ ಮನಸ್ಸು ಅಲ್ಲೇ ಕರಗಿತು. ಪರೀಕ್ಷೆಗೆ ಎರಡು ಪೆನ್ನು ಒಯ್ಯಿರಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಬಂದವಳು ಆಕೆ. ಸಣ್ಣ ಪೆನ್ನಿನ ಅನುಮತಿ ಇಲ್ಲದೆ ದೊಡ್ಡ ಪೆನ್ನು ಬರೆಯುವುದೇ ಇಲ್ಲ ಎಂಬುದು ಆಗ ಗೊತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಕಾರು ಬಂತು. ಮೊದಲ ದಿನ ಬ್ರೇಕ್ ತುಳಿದು ಬಟನ್ ಒತ್ತಿದಳು. ಗಡಗಡ ಇಲ್ಲ, ಗುರ್ ಇಲ್ಲ, ಏನೂ ಸದ್ದಿಲ್ಲ. ಎದುರಿನ ಪರದೆಯ ಮೇಲೆ ‘ರೆಡಿ’ ಎಂಬ ಇಂಗ್ಲಿಷ್ ಅಕ್ಷರ ಹಸಿರಾಗಿ ಹೊತ್ತಿದವು. ಗಾಡಿ ಓಡಲು ತಯಾರಾಗಿದೆ ಎಂದು ಅದರ ಅರ್ಥ. ಸುಜಾತಾ ಮಾತ್ರ ಅದು ತನ್ನನ್ನೇ ಕೇಳುತ್ತಿದೆ ಎಂದುಕೊಂಡಳು. “ಇಲ್ಲಪಾ, ಇನ್ನೂ ಇಲ್ಲ” ಎಂದು ಬಾಯಿ ಬಿಟ್ಟು ಹೇಳಿ ಬಂದ್ ಮಾಡಿ ಇಳಿದಳು. ಮರುದಿನದಿಂದ ಬ್ರೇಕ್ ತುಳಿಯುವ ಉಸಾಬರಿಗೇ ಹೋಗಲಿಲ್ಲ. ಬರೀ ಬಟನ್ ಒತ್ತಿದರೆ ರೇಡಿಯೋ ಹಾಡುತ್ತಿತ್ತು, ದೀಪ ಹತ್ತುತ್ತಿತ್ತು, ವೈಪರ್ ಆಡುತ್ತಿತ್ತು. ಕನ್ನಡಿ ಸರಿ ಮಾಡಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಂಡಿಕೇಟರ್ ಹಾಕಿ, ಮನಸ್ಸಿನಲ್ಲೇ ಇಡೀ ಧಾರವಾಡ ಸುತ್ತಿ, ಕೊನೆಗೆ ಆ ಹಾರ್ನ್ ಹೊಡೆದು ಇಳಿಯುತ್ತಿದ್ದಳು. ಯಂಕವ್ವ ಬಾಗಿಲಲ್ಲಿ ನಿಂತು, “ಇವತ್ತ ಹೋಗೂಣೇನು?” ಎನ್ನುವಳು. “ಈ ಐತವಾರ ನೋಡೂಣವ್ವಾ” ಎನ್ನುವಳು ಮಗಳು. ಐತವಾರ ಬಂದರೆ ಮಳೆ ಮೋಡ ಕಾಣುವುದು. ಮೋಡವಿಲ್ಲದಿದ್ದರೆ ತಲೆನೋವು ಬರುವುದು.

ಒಂದು ದಿನ ಬಟನ್ ಒತ್ತಿದರೆ ರೇಡಿಯೋ ಇಲ್ಲ, ದೀಪವಿಲ್ಲ. ಹಾರ್ನ್ ಕೂಡ ಇಲ್ಲ. ಆವತ್ತು ಓಣಿಗೆ ಶಾಲೆಯ ಹೊತ್ತು ಗೊತ್ತಾಗಲಿಲ್ಲ.

“ದೃಷ್ಟಿ ಆಗೈತ್ರಿ” ಎಂದಳು ಪಕ್ಕದ ಮನೆಯ ಶಿವಬಸವ್ವ. “ಒಂದ ನಿಂಬಿಹಣ್ಣ ಕಟ್ರಿ ಅಂತ ಅವತ್ತs ಹೇಳಿದ್ದೆ.”

“ನಮ್ಮ ಮನ್ಯಾಗ ಬುದ್ಧನ್ನ ಬಿಟ್ರ ಯಾರಿಗೂ ಕೈ ಮುಗಿಯೂದಿಲ್ರಿ” ಎಂದು ಸುಜಾತಾ ಗತ್ತಿನಿಂದ ಹೇಳಿದಳು. ಶಿವಬಸವ್ವ ಒಳಗೆ ಹೋದದ್ದು ಖಾತ್ರಿಯಾದ ಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು, “ಏಳೋ ನಮ್ಮಪ್ಪಾ, ಮರ್ಯಾದಿ ತಗೀಬ್ಯಾಡ” ಎಂದು ಬೇಡಿಕೊಂಡಳು. ಅಪ್ಪ ಏಳಲಿಲ್ಲ.

ಆಗ ನೆನಪಾದವಳು ನಾಹಿದಾ. ಸುಜಾತಾ ಹಿಂದೆ ಹಳೇ ಹುಬ್ಬಳ್ಳಿಯ ಶಾಲೆಯಲ್ಲಿದ್ದಾಗ ಆಕೆಯ ಕೈಯಲ್ಲಿ ಕಲಿತ ಹುಡುಗಿ. ಹೋಮ್‌ವರ್ಕ್ ಮಾಡದೆ ಬರುವುದರಲ್ಲಿ ಮೊದಲ ನಂಬರು. ಈಗ ತಂದೆ ಮಕ್ತುಮಸಾಬನ ಬ್ಯಾಟರಿ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಸ್ಕೂಟರಿನಲ್ಲಿ ಬಂದವಳು ಬಾನೆಟ್ ಎತ್ತಿ, ಡಬ್ಬಿಯಂಥ ಬೂಸ್ಟರಿನ ವಾಯರು ಹಚ್ಚಿ ಕಾರನ್ನು ಎಬ್ಬಿಸಿದಳು.

“ಅಕ್ಕೋರ, ದಿನಾ ಎಷ್ಟ ದೂರ ಓಡಸ್ತೀರಿ?”

“ಸಾಲಿ ಇಲ್ಲೇ ಐತಲ್ಲವಾ.”

“ಅಂದ್ರ ಓಡಸೂದಿಲ್ಲ.” ನಾಹಿದಾ ನಗು ತಡೆದುಕೊಂಡಳು. “ಬರೀ ಕುಂತು ರೇಡಿಯೋ ಕೇಳತೀರಿ. ನೋಡ್ರಿ ಅಕ್ಕೋರ, ರೇಡಿಯೋ, ದೀಪಾ, ಬಾಗಲದ ಲಾಕು, ಗಾಡಿ ಒಳಗಿನ ಕಂಪ್ಯೂಟರು ಎಲ್ಲಾ ನಡೀಯೂದು ಸಣ್ಣ ಬ್ಯಾಟರಿ ಮ್ಯಾಲೆ. ದೊಡ್ಡದನ್ನ ಎಬ್ಬಸೂದೂ ಅದs. ಗಾಡಿ ರೆಡಿ ಆದ್ರ ದೊಡ್ಡದು ಸಣ್ಣದಕ್ಕ ಉಣಸತೈತಿ. ನೀವು ರೆಡೀನ ಮಾಡೂದಿಲ್ಲ, ಸಣ್ಣದರ ಕಡೆ ಬರೇ ದುಡಸ್ತೀರಿ. ಉಪವಾಸ ಬಿದ್ದದ್ದು ಎಷ್ಟ ದಿನ ದುಡದೀತು?”

ಆಮೇಲೆ ಹೋಮ್‌ವರ್ಕ್ ಕೊಟ್ಟಳು, ಹಳೇ ಸೇಡು ತೀರಿಸಿಕೊಳ್ಳುವವಳ ಹಾಗೆ. ವಾರಕ್ಕೊಮ್ಮೆಯಾದರೂ ಅರ್ಧ ತಾಸಿಗೆ ಕಡಿಮೆಯಿಲ್ಲದಂತೆ ಓಡಿಸಬೇಕು. ರೆಡಿ ಬರದೆ ರೇಡಿಯೋ ಹಚ್ಚಬಾರದು. ಕೀಲಿಯನ್ನು ಪೋರ್ಚಿನ ಮೊಳೆಗೆ ತೂಗುಹಾಕಬಾರದು, ಕೀಲಿ ಹತ್ತಿರವಿದ್ದರೆ ಕಾರು ಒಡೆಯ ಬಂದನೆಂದು ಎಚ್ಚರವಾಗೇ ಇರುತ್ತದೆ. “ನಾನೂ ನಮ್ಮ ಅಂಗಡೀಗೆ ಬಂದ ಗಾಡೀದು ಕೀಲಿ ಬಾಜೂನ ಇಟ್ಟು ಬ್ಯಾಟರಿ ಮಲಗಿಸೀನ್ರಿ, ಅಬ್ಬಾಜಾನ್ ಕಡೆ ಬೈಸಿಕೊಂಡೇನಿ” ಎಂದು ತನ್ನ ಪ್ರತಾಪವನ್ನೂ ಹೇಳಿದಳು. ಬಹಳ ದಿನ ಊರಲ್ಲಿ ಇಲ್ಲದಿದ್ದರೆ ಇರಲಿ ಎಂದು ಸಣ್ಣ ಬ್ಯಾಟರಿಗೆ ಹಚ್ಚುವ ಚಾರ್ಜರನ್ನೂ ಕೊಟ್ಟುಹೋದಳು.

ಸುಜಾತಾ ಎಲ್ಲವನ್ನೂ ಅಚ್ಚುಕಟ್ಟಾಗಿ ಪಾಲಿಸಿದಳು, ಓಡಿಸುವುದೊಂದನ್ನು ಬಿಟ್ಟು. ಕೀಲಿಯನ್ನು ಒಳಗಿನ ಅಲಮಾರಿಗೆ ಸೇರಿಸಿದಳು. ರೇಡಿಯೋ ನಿಲ್ಲಿಸಿದಳು. ಹಾರ್ನಿಗೂ ವಿದಾಯ ಹೇಳಿದಳು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಮಾಡಿದರೆ ಪಾಸಾಗಲೇಬೇಕಲ್ಲ? ಮಕ್ಕಳ ಪೇಪರು ತಿದ್ದುವಾಗ ಇಂಥ ಲೆಕ್ಕ ಹಾಕಿದವರಿಗೆ ಆಕೆಯೇ ಸೊನ್ನೆ ಕೊಡುತ್ತಿದ್ದಳು.

ಏಪ್ರಿಲ್‌ನಲ್ಲಿ ಪರೀಕ್ಷೆಯ ಪೇಪರು ತಿದ್ದುವ ಕೆಲಸ ಪರ ಊರಿಗೆ ಬಿತ್ತು. ಹೋಗುವ ಮೊದಲು ಚಾರ್ಜರಿನ ಚಿಮಟಿಗೆಗಳನ್ನು ಕಾರಿಗೆ ಹಚ್ಚಿ, ವಾಯರನ್ನು ಕಿಟಕಿಯಿಂದ ಪಡಸಾಲೆಗೆ ಎಳೆದು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು. ಎಲ್ಲ ಮಾಡಿದವಳು ಸ್ವಿಚ್ ಹಾಕುವುದನ್ನೇ ಮರೆತಳು. ಬಸ್ಸಿನಲ್ಲಿ ಕೂತ ಮೇಲೆ ನೆನಪಾಗಿ ಫೋನ್ ಮಾಡಿದಳು.

“ಯವ್ವಾ, ಆ ಸಣ್ಣ ಬ್ಯಾಟರಿ ಚಾರ್ಜಿಗೆ ಹಚ್ಚು. ಮರೀಬ್ಯಾಡ ಮತ್ತ.”

“ಸಣ್ಣದs?”

“ಹೂಂ, ಸಣ್ಣದು. ದೊಡ್ಡದಕ್ಕ ಏನೂ ಬೇಕಾಗಿಲ್ಲ.”

“ಆತು ತಗೊ” ಎಂದಳು ಯಂಕವ್ವ. ದಿನಾ ರಾತ್ರಿ ಫೋನಿನಲ್ಲಿ ಕೇಳಿದಾಗಲೂ ಹಚ್ಚೀನಿ, ಹಚ್ಚೀನಿ ಎಂದಳು. ಸುಜಾತಾ ನಿಶ್ಚಿಂತೆಯಿಂದ ಪೇಪರು ತಿದ್ದಿದಳು. ಆ ಕಡೆ ಊರಿನಿಂದ ದೂರ ಇದ್ದಾಗ ಆಕೆಗೆ ಧೈರ್ಯವೂ ಬಂದುಬಿಟ್ಟಿತು. ಬುದ್ಧ ಪೂರ್ಣಿಮೆಯ ದಿನ ಹೆಬ್ಬಳ್ಳಿಗೆ ಹೋಗೋಣ, ಖರೇನ ಹೋಗೋಣ ಎಂದು ತಾಯಿಗೆ ಮಾತು ಕೊಟ್ಟಳು. ಯಂಕವ್ವ ಆ ಮಾತನ್ನು ಓಣಿಯ ತುಂಬ ಹಂಚಿದಳು.

ಸುಜಾತಾ ಪೂರ್ಣಿಮೆಯ ಹಿಂದಿನ ರಾತ್ರಿ ಊರಿಗೆ ಮರಳಿದಳು. ಬೆಳಿಗ್ಗೆ ಯಂಕವ್ವ ಬಿಳಿ ಸೀರೆಯುಟ್ಟು ಹೊರಗೆ ಬಂದು ನಿಂತಳು. ಸುಜಾತಾ ಕೀಲಿಯ ಗುಂಡಿ ಒತ್ತಿದಳು. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದಳು. ಕಾರು ಹೆಣದ ಹಾಗೆ ಬಿದ್ದಿತ್ತು.

ಶಿವಯೋಗೀಶ ಸರ್ ಪೇಪರು ಮಡಿಚಿಟ್ಟು ಬಂದರು. “ನೂಕೂಣ್ರಿ! ನಮ್ಮ ಕಾಲದಾಗ ಎಂಥೆಂಥಾ ಗಾಡಿ ನೂಕಿ ಚಾಲೂ ಮಾಡೇವಿ.” ಫೋನಿನಲ್ಲಿ ನಾಹಿದಾ ಇದನ್ನು ಕೇಳಿ ಕಿರುಚಿದಳು: “ನೂಕಬ್ಯಾಡ್ರಿ ಅಕ್ಕೋರ! ಇದು ನೂಕಿದ್ರ ಚಾಲೂ ಆಗೂದಲ್ಲ. ನಾ ಬರೂತನಕ ಯಾರ ಕೈಗೂ ಕೊಡಬ್ಯಾಡ್ರಿ.”

ನಾಹಿದಾ ಬಂದಳು. ಕೀಲಿಯ ಹೊಟ್ಟೆಯೊಳಗೆ ಅಡಗಿದ್ದ ಕಬ್ಬಿಣದ ಕೀಲಿ ತೆಗೆದು ಬಾಗಿಲು ತೆರೆದಳು. ಚಾರ್ಜರಿನ ವಾಯರನ್ನು ಹಿಡಿದು ಕಿಟಕಿಯೊಳಗೆ ಇಣುಕಿ ನೋಡಿದಳು. ಸ್ವಿಚ್ ಬಂದ್ ಇತ್ತು.

“ಅವ್ವಾರ, ಚಾರ್ಜಿಗೆ ಹಚ್ಚೀನಿ ಅಂದಿದ್ರಂತಲ್ರಿ?”

“ಹಚ್ಚೀನೆಲ್ಲವಾ! ದಿನಾ ಹಚ್ಚೀನಿ” ಎಂದ ಯಂಕವ್ವ ಒಳಗೆ ಹೋಗಿ ತಲೆದಿಂಬಿನ ಪಕ್ಕದಿಂದ ಕೈಯಲ್ಲಿ ಹಿಡಿಯುವ ಪುಟ್ಟ ಟಾರ್ಚನ್ನು ತಂದು ಮುಂದೆ ಹಿಡಿದಳು. “ಹಗಲೆಲ್ಲಾ ಹಚ್ಚಿ ಇಟ್ಟೀನಿ. ಮಳಿಗಾಲಕ್ಕ ಒಯ್ಯೂ ದೊಡ್ಡದನ್ನ ಮುಟ್ಟಿಲ್ಲ.”

ಹುಟ್ಟಿದಾಗಿನಿಂದ ಯಂಕವ್ವನ ಬಾಯಲ್ಲಿ ಬ್ಯಾಟರಿಯೆಂದರೆ ಟಾರ್ಚೇ. ಸುಜಾತಾಳೂ ಅದೇ ಮಾತಿನಲ್ಲಿ ಬೆಳೆದವಳು. ಕತ್ತಲಲ್ಲಿ “ಬ್ಯಾಟರಿ ಬಿಡು” ಎಂದು ಸಾವಿರ ಸಲ ಕೂಗಿದವಳು. ಕಾರು ಬಂದಿದ್ದೇ ತಡ, ಅವ್ವನ ಭಾಷೆಯನ್ನೇ ಮರೆತುಬಿಟ್ಟಿದ್ದಳು. ಶಿವಯೋಗೀಶ ಸರ್ ಹೊಟ್ಟೆ ಹಿಡಿದು ನಕ್ಕರು, ನಾಹಿದಾ ಬಾನೆಟ್ ಹಿಡಿದು ನಕ್ಕಳು. ಸುಜಾತಾಳಿಗೂ ನಗು ಉಕ್ಕಿ ಕಣ್ಣಲ್ಲಿ ನೀರು ಬಂತು.

ಯಂಕವ್ವನೂ ನಕ್ಕಳು. ಬಂದವರಿಗೆ ಚಹಾ ಕೊಡಬೇಕೆಂದು ಒಳಗೆ ಹೋಗಿ ಕೇಟಲಿ, ಕಪ್ಪು ತಂದಳು. ಕಪ್ಪಿಗೆ ಹಾಕಬೇಕಾದ ಚಹಾವನ್ನು ಪಕ್ಕದಲ್ಲಿ ಕಟ್ಟೆಯ ಮೇಲೆ ಸುರಿದಳು. ಸುರಿದದ್ದು ಗೊತ್ತಾಗದೆ, “ತಗೊಳ್ರಿ ಸರ್” ಎಂದು ಖಾಲಿ ಕಪ್ಪನ್ನು ಚಾಚಿದಳು.

ಸರ್ ಖಾಲಿ ಕಪ್ಪನ್ನು ಎರಡೂ ಕೈಯಲ್ಲಿ ಇಸಕೊಂಡರು. ಹೋದ ದೀಪಾವಳಿಗೆ ಅವ್ವ ಹೀಗಿರಲಿಲ್ಲ ಎಂಬುದು ಸುಜಾತಾಳಿಗೆ ಆಗ ಹೊಳೆಯಿತು. ದೀಪಾವಳಿಯಲ್ಲಿ ಹೋಗಿದ್ದರೆ ಅವ್ವ ದಾರಿಯ ಅರ್ಧವನ್ನಾದರೂ ಕಾಣುತ್ತಿದ್ದಳು. ಮೋಡ, ತಲೆನೋವು, ಸರ್ಕಲ್ಲು ಅಂತ ತಾನು ಉಳಿಸಿಕೊಂಡದ್ದು ತನ್ನ ಮರ್ಯಾದೆ. ಕಳೆದದ್ದು ಅವ್ವನ ಕಣ್ಣು. ಇಂಥ ಹೇಡಿ ಮಗಳನ್ನು ಹೊಟ್ಟೆಯಲ್ಲಿ ಹೊತ್ತು, ಆಮೇಲೆ ಇಂಥವಳಿಗಾಗಿ ತಲೆಯ ಮೇಲೂ ಹೊತ್ತಳಲ್ಲ ಎಂದು ಸುಜಾತಾಳಿಗೆ ತನ್ನ ಮೇಲೆ ಅಸಹ್ಯ ಬಂತು.

“ಇರಲಿ ಬಿಡವಾ, ಮುಂದಿನ ವಾರ ಹೋದ್ರಾತು” ಎಂದಳು ಯಂಕವ್ವ.

“ಇಲ್ಲವ್ವಾ. ಇವತ್ತs.”

ನಾಹಿದಾ ಬೂಸ್ಟರ್ ಹಚ್ಚಿದಳು. ಸುಜಾತಾ ಬ್ರೇಕ್ ತುಳಿದು ಬಟನ್ ಒತ್ತಿದಳು. ಹಸಿರು ಅಕ್ಷರ ಹೊತ್ತಿದವು. “ಈಗ ಬಂದ್ ಮಾಡಿದ್ರ ಮತ್ತ ಏಳೂದಿಲ್ರಿ” ಎಂದಳು ನಾಹಿದಾ ಬಾನೆಟ್ ಮುಚ್ಚುತ್ತ. “ಸಣ್ಣದಕ್ಕ ಹೊಟ್ಟಿ ತುಂಬೂತನಕ ಓಡಸಬೇಕು. ನಾ ಸ್ಕೂಟರ್ ಮ್ಯಾಲೆ ಮುಂದ ಹೋಗತೇನಿ, ಊರು ದಾಟೂತನಕ ನನ್ನ ಹಿಂದ ಬರ್ರಿ. ಹೋಮ್‌ವರ್ಕ್ ಮಾಡಸೇ ಬಿಡತೇನಿ.”

ಊರು ದಾಟುವಷ್ಟರಲ್ಲಿ ಸುಜಾತಾಳ ರವಿಕೆ ಬೆವರಿಗೆ ಬೆನ್ನಿಗೆ ಅಂಟಿತ್ತು. ಹಿಂದಿನಿಂದ ಆಟೋದವರು ಬೈದದ್ದೆಲ್ಲ ಕೇಳಿಸಿತು. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿದಳು. ಹೇಗೆ ತಿರುಗಿದಳೋ ಆಕೆಗೇ ಗೊತ್ತಿಲ್ಲ, ಕಣ್ಣು ಮುಚ್ಚಿರಲಿಲ್ಲ ಎಂಬುದೊಂದೇ ಆಕೆ ಖಾತ್ರಿಯಿಂದ ಹೇಳಬಲ್ಲಳು. ಹೆಬ್ಬಳ್ಳಿಯ ದಾರಿ ಹಿಡಿದಾಗ ನಾಹಿದಾ ಪಕ್ಕಕ್ಕೆ ಸರಿದು ಕೈಬೀಸಿ ಹಿಂತಿರುಗಿದಳು.

ಆಮೇಲೆ ಯಂಕವ್ವ ಶುರು ಮಾಡಿದಳು. ಆಕೆಗೆ ಎದುರಿನ ಡಾಂಬರಿನ ಒಂದು ತುಂಡು ಕಾಣುತ್ತಿತ್ತು, ಅಷ್ಟೆ. ಅಕ್ಕಪಕ್ಕದ್ದೆಲ್ಲ ಕಾಲಿಗೆ ನೆನಪಿತ್ತು. “ಈಗ ಸ್ವಲ್ಪ ಏರು ಬರತೈತಿ... ಬಂತಿಲ್ಲೋ? ಎಡಕ್ಕ ಗೌಡರ ಹೊಲ, ಹೆಸರು ಬಿತ್ತತಿದ್ರು. ಏನ ಬಿತ್ಯಾರ ಈಗ?”

“ಗೊತ್ತಿಲ್ಲವ್ವಾ.” ಪಕ್ಕಕ್ಕೆ ನೋಡಿದರೆ ಕಾರೂ ಪಕ್ಕಕ್ಕೆ ಹೋಗುತ್ತದೆ ಎಂದು ಸುಜಾತಾಳ ನಂಬಿಕೆ.

“ನೋಡಿ ಹೇಳs.”

“ನೋಡಿದ್ರ ಹೊಲದಾಗs ಇಳೀತೇವಿ.”

“ಭಾಳ ಛಲೋ ಆತು” ಎಂದಳು ಯಂಕವ್ವ. “ಕಣ್ಣಿದ್ದಾಕೀಗೆ ಕಣ್ಣಿಲ್ಲದಾಕಿ ದಾರಿ ತೋರಸೂದು.” ಆದರೂ ಬಿಡಲಿಲ್ಲ. ಇಲ್ಲಿ ತಿರುವು, ಇಲ್ಲಿ ಹಳ್ಳ, ಇಲ್ಲಿ ಒಮ್ಮೆ ಬದನೆಕಾಯಿ ಬುಟ್ಟಿ ಚೆಲ್ಲಿ ಹೋಗಿ ಅತ್ತಿದ್ದೆ, ಇಲ್ಲಿ ನಿನ್ನ ಫೀ ಎಣಿಸಿಕೊಂಡಿದ್ದೆ ಎಂದು ಹೇಳುತ್ತ ಹೋದಳು. ತಿರುವು ಅಂದಲ್ಲಿ ತಿರುವಿತ್ತು, ಹಳ್ಳ ಅಂದಲ್ಲಿ ಹಳ್ಳವಿತ್ತು. ಸುಜಾತಾ ಆ ಮಾತನ್ನು ನಂಬಿಯೇ ಓಡಿಸಿದಳು.

“ನಿಲ್ಲಸು. ಬೇವಿನ ಗಿಡ ಬಂತು.”

ಸುಜಾತಾ ಕಾರನ್ನು ಪಕ್ಕಕ್ಕೆ ತಂದು, ಬಂದ್ ಮಾಡದೆ ನಿಲ್ಲಿಸಿ, ಅವ್ವನನ್ನು ಇಳಿಸಿದಳು. ಯಂಕವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದಳು. ನಿಂತಳು. ಮುಖ ಮೇಲೆತ್ತಿದಳು. ಬಿಸಿಲು ನೇರ ಮುಖಕ್ಕೆ ಬಿತ್ತು.

“ನೆರಳ ಎಲ್ಲೈತಿ?”

ಸುಜಾತಾ ಆಗ ನೋಡಿದಳು. ರಸ್ತೆ ಅಗಲ ಮಾಡಲು ಗಿಡ ಕಡಿದಿದ್ದರು. ಬುಡವಷ್ಟೇ ಉಳಿದಿತ್ತು. ಕಡಿದ ಜಾಗ ಇನ್ನೂ ಹಸಿ ಹಸಿ ಇತ್ತು, ಸುತ್ತ ಬಿದ್ದ ಎಲೆ ಪೂರ್ತಿ ಒಣಗಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಗಿಡ ಇಲ್ಲೇ ನಿಂತಿತ್ತು. ಎಷ್ಟೊಂದು ಐತವಾರ ನಿಂತಿತ್ತು.

“ಕಡದಾರವ್ವಾ” ಎಂದಳು. ರಸ್ತೆಯ ಮೇಲೆಯೇ ಅತ್ತುಬಿಟ್ಟಳು. “ನಾ ತಡಾ ಮಾಡಿದೆ.”

ಯಂಕವ್ವ ಬಗ್ಗಿ ಕೈಯಾಡಿಸಿ ಬುಡವನ್ನು ಹುಡುಕಿದಳು. ಅದರ ಮೇಲೆ ಅಂಗೈ ಇಟ್ಟು ಕಡಿದ ಅಂಚನ್ನು ಸುತ್ತಲೂ ಸವರಿದಳು. ಹೂಂ ಎನ್ನಲಿಲ್ಲ, ಇಲ್ಲ ಇಲ್ಲ ಎಂದು ಸಮಾಧಾನವನ್ನೂ ಹೇಳಲಿಲ್ಲ. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಮಗಳ ತೋಳು ಹಿಡಿದಳು.

“ಮುಂದ ಬಾವಿ ಐತಿ” ಎಂದಳು. “ಲಗೂ ನಡಿ, ಅವರು ಅದನ್ನ ಮುಚ್ಚೂದರಾಗ.”

ಸುಜಾತಾ ಸೆರಗಿನಿಂದ ಮೂಗು ಒರೆಸಿಕೊಂಡು ಗಾಡಿ ಹತ್ತಿದಳು. ಮುಂದೆ ಕಬ್ಬಿಣದ ಸರಳು ಹೇರಿಕೊಂಡ ಒಂದು ಟ್ರ್ಯಾಕ್ಟರ್ ದಾರಿ ತುಂಬ ತೆವಳುತ್ತಿತ್ತು. ಆಕೆ ಅದನ್ನು ಹಿಂದೆ ಹಾಕಿದಳು.